ಅಪ್ಪನ ಕೋಟಿನಲ್ಲಿ ದುಂಡು ತೂತು

ಬೆವರ್ಲಿ
24 ಅಕ್ಟೋಬರ್ 2007

ಕ್ಲೆಮ್,

ಇಪ್ಪತ್ತೆಂಟು ವರ್ಷಗಳಿಂದ ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೀ ಹೆಸರು ಬರೆದು ಕಳಿಸುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ.

ಮೊನ್ನೆಯ ಪೇಪರಿನಲ್ಲಿ ನಿಮ್ಮ ಥಾರ್ನ್‌ಬೆಕ್ ಸ್ಟೇಷನ್ನಿನ ಫೋಟೋ ಬಂದಿತ್ತು. ನೀವು ವರ್ಷವರ್ಷ ಎರಡನೆಯ ಮಹಾಯುದ್ಧದ ವೇಷ ತೊಟ್ಟು ನಡೆಸುವ ಯುದ್ಧಕಾಲದ ವಾರಾಂತ್ಯದ್ದು. ಸ್ಟೇಷನ್ನಿನ ಎದುರಿನ ಪಬ್ಬಿನ ಬೆಂಚಿನ ಮೇಲೆ ಜರ್ಮನ್ ಅಧಿಕಾರಿಗಳ ವೇಷದ ಮೂವರು, ಕೈಯಲ್ಲಿ ಬಿಯರು, ಒಬ್ಬನ ಟೋಪಿಯ ಮೇಲೆ ತಲೆಬುರುಡೆಯ ಬಿಲ್ಲೆ. ಹಿಂದೆ ನಿಂತ ವ್ಯಾನಿನ ಮೇಲೆ ನಮ್ಮ ಅಪ್ಪನ ಹೆಸರು: 'ಗಾರ್ಸೈಡ್. ಹಳೆಯ ಕಾಲದ ಉಡುಪುಗಳು ಬಾಡಿಗೆಗೆ.'

ಎವಾಲ್ಡ್ ಅದನ್ನು ತಿಂಡಿಯ ಹೊತ್ತಿಗೆ ನೋಡಿದ. ಈಗ ಅವನು ಯಾವುದನ್ನೂ ನೇರವಾಗಿ ನೋಡಲಾರ, ತಲೆ ಓರೆ ಮಾಡಿ ಕಣ್ಣಿನ ಅಂಚಿನಿಂದ ನೋಡುತ್ತಾನೆ. ಬಹಳ ಹೊತ್ತು ನೋಡಿದ. ಆಮೇಲೆ ಆ ಹಾಳೆಯನ್ನೇ ಹಾಸಿಕೊಂಡು ಆಲೂಗಡ್ಡೆ ಸಿಪ್ಪೆ ತೆಗೆದ. ಐವತ್ತೊಂಬತ್ತು ವರ್ಷ ಅವನ ಜೊತೆ ಬಾಳಿದ್ದೇನೆ. ಅವನು ಸುಮ್ಮನಿರುವುದರಲ್ಲಿ ಎಷ್ಟು ಬಗೆ ಇವೆ ಎಂಬುದು ನನಗೆ ಗೊತ್ತು.

ಒಂದೇ ಪ್ರಶ್ನೆ. ಆ ಬಟ್ಟೆ ಕೊಟ್ಟವನು ನೀನೇ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.

ಎನಿಡ್


ಥಾರ್ನ್‌ಬೆಕ್
2 ನವೆಂಬರ್ 2007

ನಮ್ಮ ಎನಿಡ್‌ಗೆ,

ಹೌದು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದೇ ಪದದಲ್ಲಿ ಮಾತು ಮುಗಿಸುವ ಜಾಯಮಾನ ನನ್ನದಾಗಿದ್ದರೆ ಸಂತೆಕಟ್ಟೆಯಲ್ಲಿ ಒಂದು ಜೊತೆ ಕಾಲುಚೀಲವನ್ನೂ ಮಾರುತ್ತಿರಲಿಲ್ಲ. 1956ರಲ್ಲಿ ಸೈನ್ಯದವರು ಬೇಡವೆಂದು ಎಸೆದ ಕಂಬಳಿಗಳನ್ನು ನೆಲದ ಮೇಲೆ ಹರವಿಕೊಂಡು ಕೂತವನು ನಾನು. ಈಗ ನನ್ನ ಗೋದಾಮಿನಲ್ಲಿ ಆರುನೂರು ಜೊತೆ ಉಡುಪುಗಳಿವೆ. ಅದರಲ್ಲಿ ಜರ್ಮನರದು ಮೂವತ್ತನಾಲ್ಕೇ. ಆದರೆ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಆ ಮೂವತ್ತನಾಲ್ಕು. ನಮ್ಮ ಕಡೆಯ ಸಿಪಾಯಿಯ ಉಡುಪು ಗೋಣಿಚೀಲದ ಹಾಗಿರುತ್ತದೆ, ಹಾಕಿಕೊಂಡವನೂ ಆಲೂಗಡ್ಡೆಯ ಹಾಗೆ ಕಾಣುತ್ತಾನೆ. ಅವರದು ಹಾಕಿಕೊಂಡರೆ ಡಾಂಕಾಸ್ಟರಿನ ನಲ್ಲಿ ರಿಪೇರಿಯವನೂ ಎದೆ ಸೆಟೆಸಿ ನಡೆಯುತ್ತಾನೆ. ಇದು ನಾಚಿಕೆಗೇಡು ಎಂದು ನನಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಬಾಡಿಗೆಗೆ ಕೊಟ್ಟೆ.

ಪೇಪರಿನವರು ಬರೆಯದ ಒಂದು ಸಂಗತಿ ಹೇಳುತ್ತೇನೆ. ಶನಿವಾರ ಮಧ್ಯಾಹ್ನದ ಗಾಡಿಯಲ್ಲಿ ಲೀಡ್ಸ್‌ನಿಂದ ಒಬ್ಬಾಕೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಪ್ಲಾಟ್‌ಫಾರ್ಮಿಗೆ ಇಳಿದವಳು ಆ ತಲೆಬುರುಡೆಯ ಟೋಪಿಯನ್ನು ಕಂಡಳು. ಮಕ್ಕಳ ಕೈ ಹಿಡಿದು, ಇಳಿದ ಡಬ್ಬಿಗೇ ಮತ್ತೆ ಹತ್ತಿ ಕೂತಳು. ಟಿಕೆಟ್ಟಿನ ಹಣ ವಾಪಸು ಕೊಡಲು ನಾನೇ ಕಿಟಕಿಯ ಹತ್ತಿರ ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಯೆಹೂದಿಯಾದ ಅವಳ ಅಜ್ಜಿಯ ಮನೆಯಲ್ಲಿ ಹದಿನಾಲ್ಕು ಜನ ಇದ್ದರಂತೆ, ಆ ಟೋಪಿಯವರ ಕೈಗೆ ಸಿಕ್ಕಿ ಉಳಿದದ್ದು ಅಜ್ಜಿ ಒಬ್ಬಳೇ. ಕೂಗಾಡಲಿಲ್ಲ, ಅಳಲೂ ಇಲ್ಲ. ಗಂಟೆ ಎಷ್ಟಾಯಿತು ಎಂದು ಹೇಳುವ ಹಾಗೆ ಹೇಳಿದಳು. ಅವಳು ಕೂಗಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹೋದ ಮಂಗಳವಾರ, ಮುಚ್ಚಿಹೋಗಿದ್ದ ಈ ಲೈನನ್ನು ಓಡಿಸುತ್ತಿರುವ ನಮ್ಮ ಸಮಿತಿಯ ಸಭೆ ಸೇರಿತು. ಅಧ್ಯಕ್ಷರು ಪಿಕರ್ಸ್‌ಗಿಲ್ ಮೇಷ್ಟ್ರು, ನಿವೃತ್ತರಾಗಿ ಹದಿನೈದು ವರ್ಷವಾದರೂ ಇನ್ನೂ ಹಾಜರಿ ಕರೆಯುತ್ತಾರೆ. ಆ ಉಡುಪು ಬಾಡಿಗೆಗೆ ಪಡೆದಿದ್ದ ನಲ್ಲಿ ರಿಪೇರಿಯವನೂ ತನ್ನ ಅಹವಾಲು ಹೇಳಲು ಬಂದಿದ್ದ. "ಶತ್ರುನೇ ಇಲ್ದೆ ಹೋದ್ರೆ ನಾವು ಯಾರ ಜೊತೆ ಯುದ್ಧ ಮಾಡಿದ್ದು ಮೇಷ್ಟ್ರೇ, ಕುರಿಗಳ ಜೊತೆನಾ?" ಅಂದ. ಸ್ಟೇಷನ್ನಿನ ಟೀ ಅಂಗಡಿ ನೋಡಿಕೊಳ್ಳುವ ನೋರೀನ್, "ನಿನ್ನ ಮುಖ ನೋಡಿದ್ರೆ ಕುರಿಗಳೇ ಗೆದ್ದ ಹಾಗಿದೆ" ಅಂದಳು. ಎಲ್ಲರೂ ನಕ್ಕರು. ನಕ್ಕ ಮೇಲೆ ಏನನ್ನೂ ತೀರ್ಮಾನಿಸದೆ ಎದ್ದರು.

ನನಗೆ ಎಪ್ಪತ್ತಮೂರು, ಎನಿಡ್. ಮೊಣಕಾಲು ಹೋಗಿದೆ. ವರ್ಷಕ್ಕೊಮ್ಮೆ ಮಧ್ಯಾಹ್ನ ಮೂರಕ್ಕೆ ವಿಮಾನದಾಳಿಯ ಸುಳ್ಳು ಸೈರನ್ ಕೂಗಿಸಿ, ಜನ ನಗುನಗುತ್ತಾ ಬೆಂಚಿನಡಿ ಅವಿತುಕೊಳ್ಳುವುದನ್ನು ನೋಡಿ ನೋಡಿ ನನಗೂ ಸಾಕಾಗಿದೆ.

ಎವಾಲ್ಡ್‌ನ ಕಣ್ಣಿಗೆ ಏನಾಗಿದೆ?

ಕ್ಲೆಮ್


ಬೆವರ್ಲಿ
19 ನವೆಂಬರ್ 2007

ಕ್ಲೆಮ್,

ಕಣ್ಣಿನ ನಡುಭಾಗ ಸವೆದುಹೋಗುತ್ತಿದೆಯಂತೆ. ಅಂಚು ಉಳಿಯುತ್ತದೆ, ನಡುವೆ ಮಬ್ಬು. ಮುಂದಿನ ಚಳಿಗಾಲದ ಹೊತ್ತಿಗೆ ಅಂಚೂ ಮಸುಕಾಗಬಹುದು ಎಂದಿದ್ದಾರೆ ಡಾಕ್ಟರು.

1947ರ ಕ್ರಿಸ್‌ಮಸ್ ನಿನಗೆ ನೆನಪಿಲ್ಲ ಎಂದರೆ ನಾನು ನಂಬುವುದಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ಹಿಮ ಬಿದ್ದು ರೈಲುದಾರಿ ಮುಚ್ಚಿತ್ತಲ್ಲ, ಯುದ್ಧ ಮುಗಿದರೂ ಇನ್ನೂ ಸೆರೆಯ ಶಿಬಿರದಲ್ಲಿದ್ದ ಜರ್ಮನರನ್ನು ಕರೆತಂದು ಕಣಿವೆಯಲ್ಲಿ ಒಂಬತ್ತು ದಿನ ಅಗೆಸಿದರು. ಅವರಿಗೆ ಟೀ ಒಯ್ಯುತ್ತಿದ್ದವಳು ನಾನು, ಕಾಸಿ ಕೊಡುತ್ತಿದ್ದವಳು ಅಮ್ಮ, ಕಾಸಲು ಹೇಳಿದವರು ಅಪ್ಪನೇ. ಸಿಗ್ನಲ್ ಕೆಲಸದವರಲ್ಲವೇ, ಗಾಡಿ ಓಡಿದರೆ ಸಾಕಾಗಿತ್ತು ಅವರಿಗೆ. ಹೊರಗೆ ಟೀ ಕೊಡುವುದು ಬೇರೆ, ಒಳಗೆ ಕರೆಯುವುದು ಬೇರೆ ಎಂದು ನನಗೆ ಅರ್ಥವಾದದ್ದು ಕ್ರಿಸ್‌ಮಸ್ ದಿನ. ಊರಲ್ಲಿ ಎಷ್ಟೋ ಮನೆಯವರು ಸೆರೆಯಾಳುಗಳನ್ನು ಊಟಕ್ಕೆ ಕರೆದಿದ್ದರು. ನಾನೂ ಎವಾಲ್ಡ್‌ನನ್ನು ಕರೆದೆ.

ಅವನು ಗೇಟಿನ ಹತ್ತಿರ ನಿಂತಿದ್ದ. ಅಪ್ಪ ಬಾಗಿಲಿನಿಂದಲೇ, "ಆ ಬಟ್ಟೆ ನನ್ನ ಮನೆ ಒಳಗೆ ಬರಕೂಡದು" ಅಂದರು. ನಮ್ಮ ಆರ್ನಲ್ಡ್ ಅಣ್ಣನ ಹಡಗನ್ನು ಜರ್ಮನರು ಮುಳುಗಿಸಿ ಆಗ ಐದು ವರ್ಷ. ಅಪ್ಪನ ನೋವು ನನಗೆ ಗೊತ್ತಿತ್ತು. ಆದರೆ ಎವಾಲ್ಡ್ ಹತ್ತಿರ ಬೇರೆ ಬಟ್ಟೆ ಇರಲಿಲ್ಲ. ಅದೂ ಜರ್ಮನರ ಬಟ್ಟೆಯಲ್ಲ. ನಮ್ಮ ಸೈನ್ಯದ್ದೇ ಜಾಕೆಟ್ಟು, ಸೆರೆಯಾಳುಗಳಿಗೆಂದು ಕಂದು ಬಣ್ಣದಲ್ಲಿ ಅದ್ದಿ, ಓಡಿಹೋದರೆ ಗುರಿಯಿಡಲು ಸುಲಭವಾಗಲೆಂದು ಬೆನ್ನಿನಲ್ಲಿ ಹಳದಿಯ ದುಂಡು ತೇಪೆ ಹೊಲಿದದ್ದು. ಅಪ್ಪ ಹೇಳಿದ ಕೂಡಲೆ ಓಡಿಹೋಗಿ ಗೇಟಿನ ಚಿಲಕ ಹಾಕಿದವನು ನೀನು. ಹದಿಮೂರು ವರ್ಷದ ಹುಡುಗ, ಹೇಳಿದ್ದನ್ನು ಮಾಡಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ನಿನಗೆ ಹದಿನಾಲ್ಕಾಯಿತು, ಇಪ್ಪತ್ತಾಯಿತು, ಎಪ್ಪತ್ತಾಯಿತು. ಅಮ್ಮನ ಮಣ್ಣಿಗೆ ನಾನು ಒಬ್ಬಳೇ ಬಂದಾಗಲೂ ಅವನೆಲ್ಲಿ ಎಂದು ನೀನು ಕೇಳಲಿಲ್ಲ.

ಗೇಟಿನಾಚೆ ನಿಲ್ಲಿಸಿದ್ದು ಅದನ್ನು ವಿಧಿಯಿಲ್ಲದೆ ತೊಟ್ಟವನನ್ನು. ಬೆಂಚು ಹಾಕಿ ಬಿಯರು ಕೊಟ್ಟದ್ದು ದಿನಕ್ಕೆ ಮೂವತ್ತೈದು ಪೌಂಡ್ ತೆತ್ತು ಆಸೆಪಟ್ಟು ತೊಟ್ಟವರಿಗೆ. ಇದನ್ನು ನಾನು ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟಿಗೂ ಶಕ್ತಿ ಬೇಕು.

ಒಂದು ಮಾತು ಕೇಳಬೇಕೆಂದೇ ಇಷ್ಟು ಬರೆದೆ. ಕಣ್ಣು ಪೂರ್ತಿ ಹೋಗುವ ಮೊದಲು ಆ ಕಣಿವೆಯನ್ನು ಒಮ್ಮೆ ನೋಡಬೇಕೆಂದು ಅವನಿಗಿದೆ. ಅವನು ಬಾಯಿಬಿಟ್ಟು ಕೇಳುವವನಲ್ಲ. ಅವನಿಗೆ ಆ ಊರಿಗೆ ಬರಲು ದಾರಿ ಇದೆಯೇ?

ಎನಿಡ್


ಥಾರ್ನ್‌ಬೆಕ್
14 ಜನವರಿ 2008

ನಮ್ಮ ಎನಿಡ್‌ಗೆ,

ಉತ್ತರ ತಡವಾಯಿತು. ಸುಮ್ಮನೆ ಕೂತಿರಲಿಲ್ಲ, ನಿನ್ನ ಕೆಲಸವನ್ನೇ ಮಾಡುತ್ತಿದ್ದೆ. ಓದಿದರೆ ಖುಷಿಪಡುತ್ತೀಯ.

ಮೊದಲು ಸಮಿತಿಯ ಸುದ್ದಿ. ನಿಯಮ ಪಾಸಾಗಿದೆ. 'ಶತ್ರು ಸೇನೆಗಳವರು ಧರಿಸುತ್ತಿದ್ದ ಯಾವುದೇ ಉಡುಪು, ಟೋಪಿ, ಬಿಲ್ಲೆ, ಪಟ್ಟಿಗಳಿಗೆ ಸ್ಟೇಷನ್ನಿನ ಆವರಣದಲ್ಲಿ ಪ್ರವೇಶವಿಲ್ಲ.' ಮೇಷ್ಟ್ರು ಪ್ರತಿ ಪದವನ್ನೂ ಎರಡೆರಡು ಸಲ ತಿದ್ದಿ ಬರೆದದ್ದು. ನಾನೂ ಕೈ ಎತ್ತಿದೆ. ನನ್ನ ಮೂವತ್ತನಾಲ್ಕು ಜೊತೆ ಇನ್ನು ಗೋದಾಮಿನಲ್ಲಿ ನುಸಿಗೆ ಆಹಾರ.

ಆಮೇಲೆ ನಾನು ಎದ್ದುನಿಂತು ಎವಾಲ್ಡ್ ವಿಷಯ ತೆಗೆದೆ. ನಮ್ಮ ರೈಲುದಾರಿಯನ್ನು ಹಿಮದಿಂದ ಬಿಡಿಸಿದವರಲ್ಲಿ ಒಬ್ಬ ಇನ್ನೂ ಬದುಕಿದ್ದಾನೆ, ನನ್ನ ಭಾವನೇ, ಇಲ್ಲಿಂದ ಐವತ್ತು ಮೈಲಿಯಲ್ಲಿದ್ದಾನೆ ಎಂದೆ. ಒಬ್ಬೊಬ್ಬರ ಮುಖ ನೋಡಬೇಕಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಅಕ್ಟೋಬರಿನ ವಾರಾಂತ್ಯಕ್ಕೆ ಅವನೇ ಮುಖ್ಯ ಅತಿಥಿ. ಪ್ಲಾಟ್‌ಫಾರ್ಮಿನ ಮೇಲೆ ವೇದಿಕೆ, ಬ್ಯಾಂಡು, ಮೇಯರ್ ಜೊತೆ ಕೈಕುಲುಕುವುದು, ಪೇಪರಿನವರು. ಹೋದ ವರ್ಷದ ಫೋಟೋಗೆ ಈ ವರ್ಷದ ಫೋಟೋ ಸರಿಹೋಗುತ್ತದೆ. 'ಅಂದಿನ ಶತ್ರು, ಇಂದಿನ ಮಿತ್ರ' ಎಂದು ಕರಪತ್ರಕ್ಕೆ ತಲೆಬರಹವನ್ನೂ ಕೊಟ್ಟಿದ್ದೇನೆ.

ಆ ಜಾಕೆಟ್ ಇನ್ನೂ ಇದೆಯೇ? ಇದ್ದರೆ ಕಳಿಸಿಕೊಡು. ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ನನ್ನ ಲೆಕ್ಕದಲ್ಲಿ ಈ ದೇಶದಲ್ಲಿ ಅಂಥವು ಇಪ್ಪತ್ತೂ ಉಳಿದಿಲ್ಲ.

ಕ್ಲೆಮ್


ಬೆವರ್ಲಿ
3 ಮಾರ್ಚ್ 2008

ಕ್ಲೆಮ್,

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ. ಏಳು ವಾರ ಬೇಕಾಯಿತು ನನಗೆ, ಅಷ್ಟು ಧೈರ್ಯ ಮಾಡಲು.

ನಾನು ಕೇಳಿದ್ದು ದಾರಿ. ನೀನು ಕಟ್ಟಿದ್ದು ವೇದಿಕೆ. ನೀನು ಎಂದಿನಿಂದಲೂ ಹೀಗೆಯೇ. ಬೆಕ್ಕು ಮರಿ ಹಾಕಿದಾಗಲೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಮಕ್ಕಳಿಂದ ಕಾಸು ವಸೂಲಿ ಮಾಡಿದವನು.

ಜಾಕೆಟ್ ಇದೆ. ಬೀಟ್‌ಗೆಡ್ಡೆಯ ಹೊಲಗಳಲ್ಲಿ ಹದಿನೆಂಟು ವರ್ಷ ಅದನ್ನೇ ತೊಟ್ಟು ದುಡಿದಿದ್ದಾನೆ. ಬಿಡುಗಡೆಯಾದಾಗ ಬೆನ್ನಿನ ಹಳದಿ ತೇಪೆ ಬಿಚ್ಚಿದೆ. ಬಿಚ್ಚಿದ ಮೇಲೆ ಗೊತ್ತಾಯಿತು, ಸೆರೆಯಾಳು ತೇಪೆ ಕಿತ್ತು ತಪ್ಪಿಸಿಕೊಳ್ಳಬಾರದೆಂದು ಅದರ ಅಡಿಯ ಬಟ್ಟೆಯನ್ನೇ ದುಂಡಗೆ ಕತ್ತರಿಸಿದ್ದರು. ತೇಪೆ ತೆಗೆದರೆ ಉಳಿಯುವುದು ತೂತು. ಆ ತೂತನ್ನು ಆಮೇಲೆ ಮುಚ್ಚಿದೆ. ಅದು ಗಾಜಿನ ಪೆಟ್ಟಿಗೆಗೆ ಬರುವುದಿಲ್ಲ.

ಕಾಗದ ಕೇಳಿದ ಮೂರನೆಯ ದಿನ ಎವಾಲ್ಡ್ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಹೇಳಿದ: "ಹೋದ್ರೆ ಅದನ್ನ ಹಾಕ್ಕೊಂಡೇ ಹೋಗ್ತೀನಿ. ಅವತ್ತು ಬೇಡ ಅಂದದ್ದು ನನ್ನನ್ನಲ್ಲ, ಅದನ್ನ. ಬ್ಯಾಂಡ್ ಬೇಡ. ಟಿಕೆಟ್ ನಾನೇ ತಗೋತೀನಿ."

ಹಾಗಾಗಿ ನಿನ್ನ ಸಮಿತಿಯನ್ನು ಕೇಳು. ಅದು ಶತ್ರುವಿನ ಬಟ್ಟೆಯೋ ಅಲ್ಲವೋ?

ಎನಿಡ್


ಥಾರ್ನ್‌ಬೆಕ್
9 ಮೇ 2008

ನಮ್ಮ ಎನಿಡ್‌ಗೆ,

ಕೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಿಂಗರಿಸಿ ಬರೆಯುವ ಉಮೇದು ಉಳಿದಿಲ್ಲ.

ವೇದಿಕೆ, ಬ್ಯಾಂಡು ಎಲ್ಲ ರದ್ದು ಎಂದು ಮೊದಲು ಹೇಳಿದೆ. ಆಮೇಲೆ ಜಾಕೆಟ್ಟಿನ ಮಾತು. ಎರಡು ಗಂಟೆ ಚರ್ಚೆ. ಮೇಷ್ಟ್ರು ನಿಯಮವನ್ನು ಓದಿದರು: 'ಶತ್ರು ಸೇನೆಗಳವರು ಧರಿಸುತ್ತಿದ್ದ ಯಾವುದೇ ಉಡುಪು.' ಆತ ಶತ್ರು ಸೇನೆಯವನು, ಆತ ಧರಿಸಿದ್ದ, ಆದ್ದರಿಂದ ಬರುವುದಿಲ್ಲ ಎಂದರು. ಬಟ್ಟೆ ನಮ್ಮದು, ಹೊಲಿಗೆ ಲೀಡ್ಸಿನದು, ಗುಂಡಿಗಳೂ ನಮ್ಮವೇ ಎಂದು ನಾನು ಹೇಳಿದೆ. ಬಟ್ಟೆಯ ವಿಷಯದಲ್ಲಿ ನನ್ನನ್ನು ಎದುರಿಸುವವರು ಅಲ್ಲಿ ಯಾರೂ ಇಲ್ಲ. ಆದರೆ ಹೋದ ವರ್ಷದ ಫೋಟೋದಲ್ಲಿ ವ್ಯಾನು ಯಾರದು ಎಂಬುದನ್ನೂ ಅಲ್ಲಿ ಯಾರೂ ಮರೆತಿಲ್ಲ.

ನೋರೀನ್ ಒಬ್ಬಳೇ ಜಗಳಕ್ಕೆ ನಿಂತಳು. "ಹಾಗಾದ್ರೆ ಆ ಮನುಷ್ಯನ ಒಳಚಡ್ಡಿನೂ ಪರೀಕ್ಷೆ ಮಾಡ್ತೀರಾ ಮೇಷ್ಟ್ರೇ? ಅದನ್ನೂ ಸರ್ಕಾರನೇ ಕೊಟ್ಟಿತ್ತು" ಅಂದಳು. ಮೇಷ್ಟ್ರ ಕಿವಿ ಕೆಂಪಾಯಿತು. ಅವರು ಕೆಟ್ಟವರಲ್ಲ, ಎನಿಡ್. ಒಬ್ಬರಿಗೆ ಬಿಟ್ಟರೆ ನಾಳೆ ಆ ನಲ್ಲಿ ರಿಪೇರಿಯವನು ತನ್ನ ವೇಷಕ್ಕೆ ಕಂದು ಬಣ್ಣ ಹಾಕಿಕೊಂಡು ಬರುತ್ತಾನೆ, ಲೀಡ್ಸಿನ ಆ ತಾಯಿಗೆ ನಾವು ಏನು ಹೇಳುವುದು ಎಂದು ಕೇಳಿದರು.

ಮತಕ್ಕೆ ಹಾಕಿದರು. ಒಂಬತ್ತು ಜನ. ಬಿಡಬೇಕೆಂದವರು ನಾಲ್ಕು, ಬಿಡಬಾರದೆಂದವರು ನಾಲ್ಕು. ಒಂಬತ್ತನೆಯವನು ನಾನು.

ಕೈ ಎತ್ತಲಿಲ್ಲ.

ಸ್ವಂತ ಭಾವನ ವಿಷಯ, ಮತ ಹಾಕುವುದು ಸರಿಯಲ್ಲ ಎಂದು ಹೇಳಿದೆ. ಕೇಳಲು ಚೆನ್ನಾಗಿತ್ತು. ನಿಜ ಏನೆಂದರೆ, ಇನ್ನೊಂದು ಗಲಾಟೆಯಲ್ಲಿ ನನ್ನ ಹೆಸರು ಬಂದರೆ ಸ್ಟೇಷನ್ನಿನಲ್ಲಿ ಸಮಿತಿ ನನಗೆ ಕೊಟ್ಟಿರುವ ಅಂಗಡಿಯ ಜಾಗ ಹೋಗುತ್ತದೆ ಎಂದು ಹೆದರಿದೆ. ಸಮಬಲವಾದಾಗ ಅಧ್ಯಕ್ಷರ ಮತವೇ ಕೊನೆಯದು. ಜಾಕೆಟ್ಟಿಗೆ ಪ್ರವೇಶವಿಲ್ಲ.

ಎವಾಲ್ಡ್ ಮಾಮೂಲು ಕೋಟಿನಲ್ಲಿ ಬರಬಹುದು. ಬರುವುದಿಲ್ಲವೆಂದು ನನಗೂ ಗೊತ್ತು.

ಕ್ಲೆಮ್


ಥಾರ್ನ್‌ಬೆಕ್
21 ಜುಲೈ 2008

ನಮ್ಮ ಎನಿಡ್‌ಗೆ,

ನೀನು ಬರೆಯಲಿಲ್ಲ. ಬರೆಯಬೇಕೆಂದು ನಾನು ಹೇಳುವ ಹಾಗೂ ಇಲ್ಲ. ಆದರೂ ಕಾಗದ ಬರೆಯುವ ಚಟ ಹತ್ತಿಸಿದವಳು ನೀನು.

ಜರ್ಮನರ ಉಡುಪನ್ನೆಲ್ಲ ಸಿನಿಮಾದವರಿಗೆ ಬಟ್ಟೆ ಒದಗಿಸುವ ಒಂದು ಕಂಪನಿಗೆ ಕೊಟ್ಟುಬಿಟ್ಟೆ. ಲಾರಿಗೆ ತುಂಬುವಾಗ ಯಾವ ಪಶ್ಚಾತ್ತಾಪವೂ ಆಗಲಿಲ್ಲ, ಯಾವ ನೆಮ್ಮದಿಯೂ ಆಗಲಿಲ್ಲ. ಸೊಂಟ ಹಿಡಿಯಿತು, ಅಷ್ಟೇ.

ಈ ವಾರ ಅಪ್ಪನ ಕೋಟು ಹೊರಗೆ ತೆಗೆದಿದ್ದೇನೆ. ಸಿಗ್ನಲ್ ಕೆಲಸದವರಿಗೆ ರೈಲ್ವೆಯವರು ಕೊಡುತ್ತಿದ್ದ ಆ ಕರಿಯ ಉದ್ದ ಕೋಟು, ನೆನಪಿರಬೇಕು. ವಾರಾಂತ್ಯಕ್ಕೆಂದು ಅದನ್ನು ಪ್ರತಿ ವರ್ಷ ಸಿಗ್ನಲ್ ಕೋಣೆಯಲ್ಲಿ ಗೊಂಬೆಗೆ ತೊಡಿಸಿ ನಿಲ್ಲಿಸುತ್ತೇವೆ. ಬೆನ್ನಿನ ಕೆಳಗೆ, ಮಡಿಕೆಯ ಒಳಪದರದಲ್ಲಿ, ಬಸಿಯಷ್ಟು ಅಗಲದ ದುಂಡು ತೂತು ಇದೆ. ಹೊರಗೆ ಕಾಣುವುದಿಲ್ಲ. ನಾನು ಮಡಿಕೆ ಬಿಡಿಸಿ ಜನರಿಗೆ ತೋರಿಸುತ್ತೇನೆ: '1941ರ ಬೆಂಕಿಬಾಂಬಿನ ಚೂರು, ಗಾಡಿಗೆ ಸಿಗ್ನಲ್ ಕೊಡುತ್ತಿದ್ದಾಗ ಬಡಿಯಿತು, ಕೂದಲೆಳೆಯಲ್ಲಿ ಉಳಿದರು.' ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ. ಹೆಂಗಸರು ಬಾಯಿಗೆ ಕೈ ಅಡ್ಡ ಇಡುತ್ತಾರೆ.

ಮೊನ್ನೆ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದೆ. ಉಣ್ಣೆ ಸುಟ್ಟರೆ ಅಂಚು ಗಟ್ಟಿಯಾಗಿ ಸುರುಟಿಕೊಳ್ಳುತ್ತದೆ. ಇದರ ಅಂಚು ನುಣುಪಾಗಿದೆ. ಇದು ಕತ್ತರಿಯ ಕೆಲಸ. ಐವತ್ತು ವರ್ಷ ಬಟ್ಟೆ ಮುಟ್ಟಿ ಬದುಕಿದವನಿಗೆ ಇದು ಮೊದಲ ದಿನವೇ ತಿಳಿಯಬೇಕಿತ್ತು. ಬಹುಶಃ ತಿಳಿದಿತ್ತು. ಕಥೆ ಚೆನ್ನಾಗಿದ್ದುದರಿಂದ ಕೇಳಿಕೊಳ್ಳಲು ಹೋಗಲಿಲ್ಲ.

ಅಪ್ಪ ಸರ್ಕಾರದ ಕೋಟಿಗೆ ಯಾಕೆ ಕತ್ತರಿ ಹಾಕಿದರು? ನಿನಗೇನಾದರೂ ಗೊತ್ತೇ?

ಕ್ಲೆಮ್


ಬೆವರ್ಲಿ
11 ಆಗಸ್ಟ್ 2008

ಕ್ಲೆಮ್,

ಗೊತ್ತು.

1949ರ ಫೆಬ್ರವರಿ. ನಮಗೆ ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ, ಬೀಟ್‌ಗೆಡ್ಡೆಯ ಹೊಲದ ಕೊನೆಯ ಗುಡಿಸಲಲ್ಲಿ ಇದ್ದೆವು. ಜಾಕೆಟ್ಟಿನ ತೇಪೆ ಬಿಚ್ಚಿದ್ದನ್ನು, ಅಡಿಯಲ್ಲಿ ತೂತು ಉಳಿದದ್ದನ್ನು ಅಮ್ಮನಿಗೆ ಬರೆದಿದ್ದೆ. ಆಗ ಬಟ್ಟೆಗೂ ರೇಷನ್ ಕೂಪನ್ ಇತ್ತಲ್ಲ. ತೂತಿಗೆ ಚೀಲದ ತುಂಡು ಹೊಲಿದಿದ್ದೆ, ಮಳೆಗೆ ಕೊಳೆತಿತ್ತು.

ಒಂದು ಬೆಳಿಗ್ಗೆ ಅಪ್ಪ ಬಂದರು. ರೈಲ್ವೆಯ ಪಾಸಿನಲ್ಲಿ ಮೂರು ಗಾಡಿ ಬದಲಾಯಿಸಿ, ಸ್ಟೇಷನ್ನಿನಿಂದ ನಾಲ್ಕು ಮೈಲಿ ನಡೆದು ಬಂದಿದ್ದರು. ಗೇಟಿನ ಹೊರಗೇ ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಎವಾಲ್ಡ್ ದೂರದ ಹೊಲದಲ್ಲಿ ಬಗ್ಗಿ ಗೆಡ್ಡೆ ಕೀಳುತ್ತಿದ್ದ, ನಮ್ಮ ಕಡೆ ಬೆನ್ನು. ಅಪ್ಪ ಅವನನ್ನೇ ನೋಡುತ್ತಾ ನಿಂತರು. ಆಮೇಲೆ ಪೇಪರಿನಲ್ಲಿ ಸುತ್ತಿದ್ದ ಒಂದು ಪೊಟ್ಟಣವನ್ನು ಗೇಟಿನ ಮೇಲಿಂದ ಕೊಟ್ಟರು. "ಗಾಳಿ ಆ ಹುಡುಗನ ಬೆನ್ನಿಗೆ ನೇರ ಹೊಡೀತಿರಬೇಕು" ಅಂದರು. ಅಷ್ಟೇ. ಬಂದ ದಾರಿಯಲ್ಲೇ ತಿರುಗಿ ನಡೆದರು.

ಪೊಟ್ಟಣದಲ್ಲಿ ರೈಲ್ವೆಯ ಕರಿಯ ಉಣ್ಣೆಬಟ್ಟೆ, ಬಸಿಯಷ್ಟು ಅಗಲ. ಅಮ್ಮನ ಕತ್ತರಿಯಲ್ಲಿ ಅವರೇ ಕತ್ತರಿಸಿದ್ದು. ಅಂಚು ಸ್ವಲ್ಪ ವಾರೆ ಇತ್ತು.

'ಹುಡುಗನಿಗೆ ಹೇಳಬೇಡ, ಊರೆಲ್ಲ ಸಾರುತ್ತಾನೆ' ಎಂದು ಅಮ್ಮ ಬರೆದಿದ್ದಳು. ಹುಡುಗ ಎಂದರೆ ನೀನು. ಎರಡು ವರ್ಷಕ್ಕೆ ಅಪ್ಪ ಹೋದರು. ಮನೆಯೊಳಗೆ ಬಾ ಎಂದು ಕೊನೆಯವರೆಗೂ ಎವಾಲ್ಡ್‌ಗೆ ಹೇಳಲಿಲ್ಲ, ಅದೂ ನಿಜ. ಕೊಟ್ಟದ್ದನ್ನೂ ಕೊಡದೆ ಹೋದದ್ದನ್ನೂ ಎರಡನ್ನೂ ನಾನು ಇಟ್ಟುಕೊಂಡಿದ್ದೇನೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ನನಗೆ ಬರುವುದಿಲ್ಲ.

ಅಕ್ಟೋಬರ್ ಒಂಬತ್ತಕ್ಕೆ ನನ್ನ ಸೊಂಟದ ಆಪರೇಷನ್. ಎರಡು ವಾರ ಆಸ್ಪತ್ರೆ. ಪಕ್ಕದ ಮನೆಯವಳು ಎವಾಲ್ಡ್‌ಗೆ ಅಡುಗೆ ಮಾಡಿಕೊಡುತ್ತಾಳೆ. ಅವನ ಕಣ್ಣು ಡಾಕ್ಟರು ಹೇಳಿದ್ದಕ್ಕಿಂತ ಬೇಗ ಹೋಗುತ್ತಿದೆ.

ಎನಿಡ್


ಥಾರ್ನ್‌ಬೆಕ್
14 ಅಕ್ಟೋಬರ್ 2008

ನಮ್ಮ ಎನಿಡ್‌ಗೆ,

ಇದನ್ನು ಆಸ್ಪತ್ರೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಎವಾಲ್ಡ್ ನಿನಗೆ ಹೇಳಿರುತ್ತಾನೆ, ಆದರೆ ಅವನು ಎರಡು ವಾಕ್ಯದಲ್ಲಿ ಹೇಳಿರುತ್ತಾನೆ.

ಶನಿವಾರ, ನಮ್ಮ ವಾರಾಂತ್ಯದ ಮೊದಲ ದಿನ, ಅಂಗಡಿಯ ಪರದೆ ಏರಿಸಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಕೀಲಿಯನ್ನು ನೋರೀನ್‌ಗೆ ಕೊಟ್ಟು ಬೆವರ್ಲಿಗೆ ವ್ಯಾನು ಓಡಿಸಿದೆ. ಎವಾಲ್ಡ್ ಬಾಗಿಲು ತೆಗೆದು ತಲೆ ಓರೆ ಮಾಡಿ ನೋಡಿದ. "ಕ್ಲೆಮ್" ಅಂದೆ. "ಗೊತ್ತು. ನಿಮ್ಮಪ್ಪನ ಹಾಗೇ ಉಸಿರು ಬಿಡ್ತೀಯ" ಅಂದ. ಜಾಕೆಟ್ ತರಲು ನಾನು ಹೇಳಬೇಕಾಗಲಿಲ್ಲ.

ಸ್ಟೇಷನ್ನಿಗೆ ಕರೆದುಕೊಂಡು ಹೋಗಲಿಲ್ಲ. ಕಣಿವೆಯ ಮೇಲಿನ ಸೇತುವೆ ಊರ ರಸ್ತೆಯದು. ಅಲ್ಲಿ ಸಮಿತಿಯೂ ಇಲ್ಲ, ಟಿಕೆಟ್ಟೂ ಇಲ್ಲ. ಈ ಮಾತು ನನಗೆ ಮೇ ತಿಂಗಳಲ್ಲೇ ಹೊಳೆಯಬೇಕಿತ್ತು. ಎಲ್ಲಕ್ಕೂ ಗೇಟು, ಟಿಕೆಟ್ಟು, ವೇದಿಕೆ ಬೇಕು ಎಂದುಕೊಂಡ ತಲೆ ಇದು.

ಅವನು ಸೇತುವೆಯ ಕಟ್ಟೆಯ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತ. ಹಿಮ ಕಟ್ಟೆಯ ಮಟ್ಟಕ್ಕೆ ಇತ್ತಂತೆ. ಕೆಳಗೆ ಗಾಡಿಯೊಂದು ಹೂತಿದೆ ಎಂದು ಅವರಿಗೆ ತಿಳಿದದ್ದು ಅದರ ಹೊಗೆಕೊಳವೆಗೆ ಸನಿಕೆ ಬಡಿದಾಗ. ನಾಲ್ಕನೆಯ ದಿನ ನೀನು ಟೀ ತಂದಾಗ ಜಾರಿ ಬಿದ್ದೆಯಂತೆ, ಆದರೆ ಕ್ಯಾನು ಮಾತ್ರ ನೆಟ್ಟಗೆ ಹಿಡಿದಿದ್ದೆಯಂತೆ. ಅದನ್ನು ಕಂಡೇ ಮದುವೆಯಾಗಲು ಮನಸ್ಸು ಮಾಡಿದನಂತೆ. ನಿನಗೆ ಈ ಲೆಕ್ಕ ಗೊತ್ತಿತ್ತೋ ಇಲ್ಲವೋ.

ಅಷ್ಟರಲ್ಲಿ ಹನ್ನೊಂದೂವರೆಯ ಗಾಡಿ ಬಂತು. ಕಿಟಕಿಗಳ ತುಂಬ ಸಿಪಾಯಿ ವೇಷದವರು. ಹಳೆಯ ಜಾಕೆಟ್ ತೊಟ್ಟ ಮುದುಕನನ್ನು ಕಂಡು ಎದ್ದುನಿಂತು ಸಲಾಮು ಹೊಡೆದರು. "ಥ್ಯಾಂಕ್ಯೂ ತಾತಾ" ಎಂದು ಒಬ್ಬ ಕೂಗಿದ.

"ಯಾಕಂತೆ?" ಎಂದು ಎವಾಲ್ಡ್ ಕೇಳಿದ.

"ಯುದ್ಧ ಗೆದ್ದುಕೊಟ್ಟೆಯಂತೆ."

"ಯಾರೂ ನನಗೆ ತಿಳಿಸಲೇ ಇಲ್ಲ" ಅಂದ.

ಆಮೇಲೆ ಮನೆಗೆ ಬಂದೆವು. ಲೈನು ಮುಚ್ಚಿದಾಗ ರೈಲ್ವೆಯವರಿಂದ ನಾನು ಕೊಂಡದ್ದು ಅದೇ ಮನೆ, ಅದೇ ಗೇಟು ಎಂದು ನಿನಗೆ ಗೊತ್ತಲ್ಲ. ಚಿಲಕ ನಾನೇ ತೆಗೆದೆ. ಎವಾಲ್ಡ್ ಒಳಗೆ ಕಾಲಿಡಲಿಲ್ಲ. ಅಲ್ಲೇ ನಿಂತು ಜಾಕೆಟ್ಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಮಡಿಸಿ, ಗೇಟಿನ ಕಂಬದ ಮೇಲೆ ಇಟ್ಟ. ಆ ಚಳಿಯಲ್ಲಿ ಬರೀ ಅಂಗಿಯಲ್ಲಿ ನಿಂತು, "ಬರಕೂಡದು ಅಂದಿದ್ರು" ಅಂದ. "ಅವರ ಮನೆ. ಅವರ ಮಾತು."

ಮಡಿಸಿಟ್ಟ ಜಾಕೆಟ್ಟಿನ ಬೆನ್ನು ಮೇಲಿತ್ತು. ಕಂದು ಬಟ್ಟೆಯ ನಡುವೆ ಅಪ್ಪನ ಕೋಟಿನ ಕರಿಯ ದುಂಡು ತುಂಡು, ಸುತ್ತ ನಿನ್ನ ಹೊಲಿಗೆ. ಅದನ್ನು ಎತ್ತಿಕೊಂಡೆ. "ಇದರಲ್ಲಿ ಅಪ್ಪಂದೂ ಇದೆ. ಅದು ಹೊರಗೆ ಇರೋಕಾಗಲ್ಲ" ಅಂದೆ. ಅವನು ನನ್ನ ಮೊಣಕೈ ಹಿಡಿದುಕೊಂಡು ಒಳಗೆ ಬಂದ.

ಇನ್ನೊಂದು ವಿಷಯ. ಆ ಕ್ರಿಸ್‌ಮಸ್ ದಿನ ಅವನು ನನಗೆಂದು ಒಂದು ಆಟದ ಸಿಗ್ನಲ್ ಕಂಬ ಕೆತ್ತಿ ತಂದಿದ್ದ, ಸೇಬಿನ ಪೆಟ್ಟಿಗೆಯ ಮರದ್ದು. ದಾರ ಎಳೆದರೆ ಅದರ ಕೈ ಏಳುತ್ತದೆ. ಚಿಲಕ ಹಾಕಿದ ಮೇಲೆ ಅವನು ಅದನ್ನೂ ಅದೇ ಗೇಟಿನ ಕಂಬದ ಮೇಲೇ ಇಟ್ಟು ಹೋಗಿದ್ದ. ಮಾರನೆಯ ದಿನ ಅದು ಮಾಯವಾಯಿತಲ್ಲ, ಎತ್ತಿಕೊಂಡವನು ನಾನು. ಈಗ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿದೆ. ಅವನ ಕೈಗೆ ಕೊಟ್ಟೆ. ಬೆರಳಲ್ಲೇ ತಡವಿ ನೋಡಿದ. ದಾರ ಎಳೆದ. ಕೈ ಎದ್ದಿತು.

"ದಾರ ಬದಲಾಯಿಸಿದ್ದೀಯ" ಅಂದ.

"ಮೂರು ಸಲ" ಅಂದೆ.

ಹುರಿದ ಸಾಸೇಜು, ಆಲೂಗಡ್ಡೆ ತಿಂದೆವು. ಟೀ ನನ್ನ ಕೈಯದು ಚೆನ್ನಾಗಿರಲಿಲ್ಲ, ಅವನು ಅದನ್ನೂ ಹೇಳಿದ. ಮೂರಕ್ಕೆ ಸ್ಟೇಷನ್ನಿನ ಕಡೆಯಿಂದ ಸುಳ್ಳು ಸೈರನ್ ಕೂಗಿದಾಗ ಕುರ್ಚಿಯ ಕೈ ಹಿಡಿದುಕೊಂಡ. ಅದು ನಿಲ್ಲುವವರೆಗೂ ಬಿಡಲಿಲ್ಲ. ಸಮಿತಿಗೆ ರಾಜೀನಾಮೆ ಬರೆದಿದ್ದೇನೆ. ದೊಡ್ಡ ತ್ಯಾಗವೇನಲ್ಲ. ಮೇಷ್ಟ್ರು ಬೇಸರ ಮಾಡಿಕೊಂಡರು, ಅಂಗಡಿಯ ಜಾಗ ನೋರೀನ್‌ಗೆ ಕೊಟ್ಟರು.

ಸಂಜೆ ಅವನನ್ನು ವಾಪಸು ಬಿಟ್ಟು ಬಂದು ನೋಡಿದರೆ ಜಾಕೆಟ್ ಇಲ್ಲೇ ಇದೆ. ನಾನೇ ಒಳಗೆ ತಂದು ಅಪ್ಪ ಕೋಟು ಹಾಕುತ್ತಿದ್ದ ಮೊಳೆಗೆ ತೂಗುಹಾಕಿದ್ದೆ, ಹೊರಡುವ ಗಡಿಬಿಡಿಯಲ್ಲಿ ಅವನು ಮರೆತಿರಬೇಕು. ಪಾರ್ಸೆಲ್ ಮಾಡಿ ಕಳಿಸಲೇ, ಅಥವಾ ನಾನೇ ತರಲೇ?

ಕ್ಲೆಮ್


ಬೆವರ್ಲಿ, ಆಸ್ಪತ್ರೆ
20 ಅಕ್ಟೋಬರ್ 2008

ಕ್ಲೆಮ್,

ಎರಡೂ ಬೇಡ. ಎವಾಲ್ಡ್ ಮರೆತಿಲ್ಲ. ಬಿಟ್ಟು ಬಂದಿದ್ದಾನೆ.

ಅಪ್ಪನ ಕೋಟನ್ನು ಗೊಂಬೆಯಿಂದ ಇಳಿಸಿ ಜಾಕೆಟ್ಟಿನ ಪಕ್ಕದಲ್ಲಿ ತೂಗುಹಾಕು. ತೂತು ಹೊಲಿಯಬೇಡ.

ಎನಿಡ್